ಖಾನೇಸುಮಾರಿ ಪುಸ್ತಕದ ಕಣ್ಣೀರು

ಇದು ನಡೆದ ಸಂಗತಿ. ನಂಬದವರು ಕರಡಿಹಾಳಕ್ಕೆ ಹೋಗಿ ಯಾರನ್ನು ಬೇಕಾದರೂ ಕೇಳಬಹುದು. ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ಮಾತ್ರ ಹೋಗಬಾರದು. ಹಾಗೆ ಹೋದರೆ ಆ ಊರಿನಲ್ಲಿ ಕುಡಿಯಲು ನೀರು ಸಿಗುವುದಿಲ್ಲ, ಕಣ್ಣೀರು ಬೇಕಾದಷ್ಟು ಸಿಗುತ್ತದೆ.

ಯುದ್ಧದ ಕಾಲ. ಸಕ್ಕರೆ ಇಲ್ಲ, ಚಿಮಣಿ ಎಣ್ಣೆ ಇಲ್ಲ, ಕಾಗದ ಇಲ್ಲ. ‘ಇಲ್ಲ’ಗಳಿಗೆ ಮಾತ್ರ ಕೊರತೆ ಇಲ್ಲ. ತಾವರಗೇರಾದಿಂದ ಎರಡು ಹರದಾರಿ ದೂರದ ಕರಡಿಹಾಳದ ಸರಕಾರಿ ಶಾಲೆಗೆ ಈಶಪ್ಪ ಮಾಸ್ತರರು ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಅವರ ನೌಕರಿ, ಲೋಕಕ್ಕೆ ಕತೆ ಹೇಳುವುದು ಅವರ ಅವತಾರದ ಉದ್ದೇಶ. ಗದಗಿಗೆ ಹೋಗಿ ಮೂರು ಟಾಕಿ ನೋಡಿ ಬಂದ ಮೇಲಂತೂ ಆ ಉದ್ದೇಶ ಬಲಿತು ಕೋಡು ಮೂಡಿತ್ತು. ಅದುವರೆಗೆ ಹದಿನೇಳು ಕತೆ ಆರಂಭಿಸಿದ್ದರು. ಹದಿನೇಳರಲ್ಲೂ ಒಬ್ಬ ರಾಜನಿದ್ದ. ಹದಿನೇಳರಲ್ಲೂ ಆ ರಾಜ ಬೇಟೆಗೆ ಹೋದವನು ತಿರುಗಿ ಬಂದಿರಲಿಲ್ಲ. ಮುಂದೇನು ಮಾಡಬೇಕೆಂದು ಅಡವಿಯಲ್ಲಿ ನಿಂತ ರಾಜನಿಗೂ ತಿಳಿಯದು, ಮನೆಯಲ್ಲಿ ಕೂತ ಮಾಸ್ತರರಿಗೂ ತಿಳಿಯದು.

ಗುರುವಾರ ಸಂಜೆ ಒಂದು ಕಾರ್ಡು ಬಂತು. ಬರೆದವನು ಅಂದಪ್ಪ. ಮಾಸ್ತರರ ಜೊತೆ ಓದಿದವನು, ಈಗ ಕೊಲ್ಲಾಪುರದ ಕಡೆ ಯಾವುದೋ ಟಾಕಿ ಕಂಪನಿಯಲ್ಲಿದ್ದ.

‘ಈಶಾ, ನಮ್ಮ ಮಾಲಕರಿಗೆ ಕೂಡಲೇ ಒಂದು ಕತೆ ಬೇಕು. ರಾಜರು ಸಾಕಾಗಿದ್ದಾರೆ. ಬಡವರ ಮನೆಯ ಖರೇ ದುಃಖ ಬೇಕು. ನೋಡಿದವರ ರುಮಾಲು ಹಿಂಡಿದರೆ ಒಂದು ತಂಬಿಗೆ ನೀರು ಬರಬೇಕು. ಈ ಶುಕ್ರವಾರ ಸಂಜೆ ಐದರ ಮೋಟಾರಿನಲ್ಲಿ ನಿಮ್ಮ ಊರ ಮೇಲೆ ಹಾದು ಕುಷ್ಟಗಿಗೆ ಹೋಗುತ್ತೇನೆ. ಕತೆ ಕೈಗೆ ಕೊಟ್ಟರೆ ನಿನ್ನ ಹೆಸರು ಪರದೆಯ ಮೇಲೆ. ಕೊಡದಿದ್ದರೆ ಹುನಗುಂದದ ಒಬ್ಬ ವಕೀಲರು ಬರೆದದ್ದು ತಯಾರಿದೆ.’

ಮಾಸ್ತರರಿಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಸ್ಫೂರ್ತಿಯೂ ಬಂದಿರಲಿಲ್ಲ. ಹೆಂಡತಿ ಶೇಖರಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರು ಒಲೆಯ ಮುಂದೆ ಕೂತು ಮೋರೆ ಸಣ್ಣದು ಮಾಡಿದರು.

“ಸ್ಫೂರ್ತಿ ಬರವಲ್ದು ನೋಡು.”

“ಎಲ್ಲಿಂದ ಬರಬೇಕಾಗಿತ್ತರಿ? ಮೋಟಾರದಾಗೇನು?”

“ಚ್ಯಾಷ್ಟಿ ಬ್ಯಾಡ ಶೇಖರಾ. ದುಃಖ ಬೇಕು, ಖರೇ ದುಃಖ. ನಮ್ಮ ಮನಿಯಾಗ ಏನರ ದುಃಖ ಐತೇನು?”

ಶೇಖರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಗಂಡನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. “ಒಂದ ಐತ್ರಿ. ಅದನ್ನ ಬರದ್ರ ನಿಮ್ಮ ಹೆಸರು ಪರದೇ ಮ್ಯಾಲ ಬರೂದಿಲ್ಲ, ಊರ ಬಾಯಾಗ ಬರತೈತಿ. ಹೊರಗ ಹೋಗಿ ಹುಡುಕ್ರಿ.”

ನಿಜಾಮನ ರಾಜ್ಯದಲ್ಲಿ ಶುಕ್ರವಾರ ಶಾಲೆಗೆ ಸೂಟಿ. ಹುಡುಕಲು ಇಡೀ ಹಗಲು ಇತ್ತು. ಬರೆದುಕೊಳ್ಳಲು ಹಾಳೆ ಇರಲಿಲ್ಲ. ಶಾಲೆಯ ಕಪಾಟು ಜಾಲಾಡಿದಾಗ ಹಿಂದಿನ ಮಾಸ್ತರ ಬಿಟ್ಟುಹೋದ ದಪ್ಪ ಪುಸ್ತಕವೊಂದು ಸಿಕ್ಕಿತು. ಮೂರು ವರ್ಷದ ಹಿಂದಿನ ಖಾನೇಸುಮಾರಿ ರಜಿಸ್ಟರು, ಅಂದರೆ ಜನಗಣತಿಯ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ರಟ್ಟಿನ ಮೇಲೆ ಸರಕಾರದ ಮೊಹರು, ಒಳಗೆ ಮನೆ ಎಷ್ಟು, ಯಜಮಾನ ಯಾರು, ತಿನ್ನುವ ಬಾಯಿ ಎಷ್ಟು ಎಂದು ಗೆರೆ ಹೊಡೆದ ಖಾನೆಗಳು. ಐವತ್ತು ಹಾಳೆ ಖಾಲಿ ಇದ್ದವು. ಕತೆ ಖಾನೆಯಲ್ಲಿ ಕೂತರೇನು, ಕುರ್ಚಿಯಲ್ಲಿ ಕೂತರೇನು ಎಂದುಕೊಂಡು ಮಾಸ್ತರರು ಅದನ್ನೇ ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಹೊಸಬರು, ಪಾಪ. ಕರಡಿಹಾಳದಲ್ಲಿ ಪುಸ್ತಕ ಹಿಡಿದ ಮಾಸ್ತರ ಎಂದರೆ ಏನೆಂಬುದು ಅವರಿಗೆ ತಿಳಿದಿರಲಿಲ್ಲ. ಹಿಂದಿನ ಮಾಸ್ತರ ಇದೇ ಕೆಂಪು ಪುಸ್ತಕ ಹಿಡಿದು ಒಂದು ವರ್ಷ ಜನರನ್ನು ಎಣಿಸಿದ್ದ, ಒಂದು ವರ್ಷ ದನ ಎಣಿಸಿದ್ದ, ಪ್ಲೇಗು ಬಂದಾಗ ಸತ್ತ ಇಲಿ ಎಣಿಸಿದ್ದ. ಅವನು ಎಣಿಸಿ ಹೋದ ಮೇಲೆ ಊರಿನಿಂದ ಏನಾದರೊಂದು ಹೋಗುತ್ತಿತ್ತು. ಈ ವರ್ಷ ಸರಕಾರ ರೈತರ ಬೆಳೆಯಲ್ಲಿ ಕಡ್ಡಾಯವಾಗಿ ಪಾಲು ಒಯ್ಯುವ ಜೋಳದ ಲೆವಿ ಎತ್ತುತ್ತದೆಂದು ಸುದ್ದಿ ಹಬ್ಬಿತ್ತು. ಸುಗ್ಗಿ ಆಗತಾನೆ ಮುಗಿದಿತ್ತು. ಎಲ್ಲರ ಮನೆಯಲ್ಲೂ ಜೋಳ, ಎಲ್ಲರ ಎದೆಯಲ್ಲೂ ಲೆವಿ.

ಮಾಸ್ತರರು ಮೊದಲು ಹೋದದ್ದು ಓಬಳೆಪ್ಪನ ಚಹಾದ ಅಂಗಡಿಗೆ. ಓಬಳೆಪ್ಪ ಚಹಾ ಮಾಡುವುದರಲ್ಲಿ ಸಾಧಾರಣ, ಅಣಕ ಮಾಡುವುದರಲ್ಲಿ ಅಸಾಧಾರಣ. ತಹಸೀಲದಾರರ ಕೆಮ್ಮು, ಪೊಲೀಸ ಪಾಟೀಲರ ಆಕಳಿಕೆ, ಕುಷ್ಟಗಿ ಮೋಟಾರಿನ ಹಾರ್ನು, ಮೂರೂ ಅವನ ಒಂದೇ ಬಾಯಿಯಲ್ಲಿ ಬಾಡಿಗೆಗೆ ಇದ್ದವು.

“ಏನ್ರೀ ಮಾಸ್ತರ, ಇವತ್ತ ಸೂಟಿ, ಕೈಯಾಗ ದಫ್ತರ?”

“ಕತಿ ಬರಿಯಾಕ ಹೊಂಟೀನಿ ಓಬಳೆಪ್ಪ. ಟಾಕಿಗೆ. ಬಡವರ ಕತಿ. ಈ ಊರಾಗ ಯಾರ ಮನಿಯಾಗ ಭಾಳ ದುಃಖ ಐತಿ, ಹೇಳು ನೋಡೋಣು.”

ಓಬಳೆಪ್ಪ ಕೆಂಪು ಪುಸ್ತಕ ನೋಡಿದ. ಮಾಸ್ತರರ ಮೋರೆ ನೋಡಿದ. ಮತ್ತೆ ಪುಸ್ತಕ ನೋಡಿದ. ತುಟಿಯ ಮೂಲೆಯಲ್ಲಿ ಒಂದು ನಗೆ ಬಂದು, ಜಾಗ ಚಿಕ್ಕದೆಂದು ತಿರುಗಿ ಹೋಯಿತು.

“ವಿರೂಪಾಕ್ಷಪ್ಪನೋರ ಮನಿಯಿಂದ ಸುರು ಮಾಡ್ರಿ. ಭಾಳ ಬಡತನ. ಆದ್ರ ಬಿಸಿ ಚಹಾ ಕುಡದು ಸಾವಕಾಶ ಹೋಗ್ರಿ, ಬಾಯಿ ಸುಟ್ಟೀತು” ಎಂದವನೇ ಕುದಿಕುದಿಯುವ ಚಹಾ ಮುಂದಿಟ್ಟು ಹಿತ್ತಲ ಬಾಗಿಲಿನಿಂದ ಮಾಯವಾದ.

ವಿರೂಪಾಕ್ಷಪ್ಪ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಕಮತದವನು. ಓಬಳೆಪ್ಪ ಅವನ ಕಟ್ಟೆಗೆ ಹೋಗಿ ಮಾಸ್ತರರ ಗಂಟಲಿನಲ್ಲಿ, “‘ಕತಿ ಬರಿಯಾಕ ಹೊಂಟೀನಿ ಓಬಳೆಪ್ಪ’ ಅಂತಾನ್ರಿ” ಎಂದ. ಆಮೇಲೆ ತನ್ನ ಸ್ವಂತ ಗಂಟಲಿಗೆ ಬಂದು, “ಕೈಯಾಗ ಕೆಂಪು ರಜಿಸ್ಟರ ಐತಿ. ಕತಿಯಂತ, ಕತಿ! ಲೆವಿ ಬಂತ್ರಿ ಸಾವಕಾರ” ಎಂದ.

“ಯಪ್ಪಾ! ಚೀಲ ಎಲ್ಲಿ ಇಡ್ಲೋ? ನೆಲದಾಗಿನ ಹಗೇವಿನಾಗ ಇಟ್ರ ಸಬ್ಬಲಲೆ ಚುಚ್ಚಿ ನೋಡತಾರ!”

“ಕಿವಿ ಕೊಡ್ರಿ” ಎಂದ ಓಬಳೆಪ್ಪ. ವಿರೂಪಾಕ್ಷಪ್ಪ ಕಿವಿ ಕೊಟ್ಟ. ಒಳಗೆ ಹೋದದ್ದು ಎಂಥ ಮಾತೋ, ಅವನ ಕಣ್ಣು ದೀಪದ ಹಾಗೆ ಹೊತ್ತಿಕೊಂಡವು. “ಹೌದಲ್ಲಲೇ! ಅಲ್ಲಿ ಯಾರು ನೋಡತಾರ?”

ಅಲ್ಲಿಂದ ಓಬಳೆಪ್ಪ ಇನ್ನೂ ನಾಲ್ಕು ಓಣಿಯ ಕಿವಿಗಳನ್ನು ಮುಗಿಸಿ ಬರುವಷ್ಟರಲ್ಲಿ ಮಾಸ್ತರರ ಚಹಾ ಆರಿತ್ತು.

ಮಾಸ್ತರರು ಹೋದಾಗ ವಿರೂಪಾಕ್ಷಪ್ಪ ತನ್ನ ಜೀತದಾಳಿನ ಹರಕು ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ಅಂಗಿಯ ಗುಂಡಿಗಳು ಒಂದು ದಂಡೆಗೆ, ಕಾಜಗಳು ಇನ್ನೊಂದು ದಂಡೆಗೆ. ನಡುವೆ ತುಂಬಿದ ಹೊಳೆಯಂತೆ ಹೊಟ್ಟೆ. ಕೈಯಲ್ಲಿ ಅಂಬಲಿಯ ಪರಿಯಾಣ.

“ಬರ್ರಿ ಮಾಸ್ತರ. ಕುಂದರ್ರಿ ಅನ್ನಾಕ ಒಂದು ಚಾಪಿ ಸೈತ ಉಳಿದಿಲ್ಲ.”

“ನಾನು ಕತಿ ಬರಿಯಾಕತ್ತೀನ್ರಿ.”

“ಗೊತ್ತೈತ್ರಿ, ಗೊತ್ತೈತಿ. ಕತಿ! ಬರೀರಿ.” ವಿರೂಪಾಕ್ಷಪ್ಪ ಕಣ್ಣು ಮಿಟುಕಿಸಿ, ಅದೇ ಕಣ್ಣನ್ನು ಒರೆಸಿಕೊಂಡ. “ಜೋಳದ ಬಣ್ಣ ಕರಿದೋ ಬಿಳಿದೋ ಮರತು ಮೂರು ತಿಂಗಳಾತ್ರಿ. ಮನಿಯಾಗ ಒಂಬತ್ತು ಬಾಯಿ. ಬರೇ ಅಂಬಲಿ.”

ಅಂಬಲಿಯನ್ನು ಯಾವುದರಿಂದ ಮಾಡುತ್ತಾರೆಂಬುದು ಕಣ್ಣೀರಿನ ಭರದಲ್ಲಿ ಮಾಸ್ತರರಿಗೆ ಹೊಳೆಯಲಿಲ್ಲ. ಹೊಟ್ಟೆ ಮಾತ್ರ ಕಣ್ಣಿಗೆ ಅಡ್ಡ ಬರುತ್ತಿತ್ತು.

“ಮತ್ತ ಇದು... ಹೊಟ್ಟಿ...?”

“ಬಾವು ರೀ! ಉಪಾಸದ ಬಾವು. ಒಳಗ ಬರೇ ಗಾಳಿ. ಬಡದು ನೋಡ್ರಿ ಬೇಕಾದ್ರ.”

ಮಾಸ್ತರರು ಬಡಿದು ನೋಡಲಿಲ್ಲ. ‘ಯಜಮಾನ’ ಎಂಬ ಖಾನೆಯಲ್ಲಿ ವಿರೂಪಾಕ್ಷಪ್ಪ ಎಂದು ಬರೆದು, ಕೆಳಗೆ ‘ಹಸಿವೆಯೇ ಬೆಳೆದು ಹೊಟ್ಟೆಯಾದ ದುರ್ದೈವಿ’ ಎಂದು ಸೇರಿಸಿದರು. ಇಂಥ ಮಾತು ಹದಿನೇಳು ರಾಜರಲ್ಲಿ ಒಬ್ಬನ ಬಾಯಲ್ಲೂ ಬಂದಿರಲಿಲ್ಲ. ಮೈ ಜುಮ್ಮೆಂದಿತು. ಸ್ಫೂರ್ತಿ! ಇದೇ ಇರಬೇಕು!

“ಹೆಬ್ಬೆಟ್ಟು ಎಲ್ಲಿ ಒತ್ತಲ್ರಿ?” ಎಂದ ವಿರೂಪಾಕ್ಷಪ್ಪ.

“ಕತಿಗೆ ಹೆಬ್ಬೆಟ್ಟು ಯಾಕ್ರಿ?”

“ಇರ್ಲಿ ತಗೋರಿ. ನಾಳೆ ಯಾರೂ ಸುಳ್ಳ ಅನಬಾರದು.”

ಅವನಿಗೆ ಸಹಿ ಬರುತ್ತಿತ್ತು. ಆದರೆ ಬಡತನಕ್ಕೆ ಅಕ್ಷರ ಒಪ್ಪುವುದಿಲ್ಲವೆಂದು ಬೆರಳಿಗೆ ಮಸಿ ಬಳಿದು ಒತ್ತಿದ. ಖರೇ ಕತೆಗೆ ಇದಕ್ಕಿಂತ ಖರೇ ಗುರುತು ಬೇಕೆ ಎಂದು ಮಾಸ್ತರರು ಊದಿ ಒಣಗಿಸಿದರು.

ಮುಂದಿನದು ಹುಲಗಮ್ಮನ ಮನೆ. ಅವಳು ನಡುಮನೆಯಲ್ಲಿ ಕಾಳು ತುಂಬುವ ನೆಲಗುಂಡಿಯಾದ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆಯೇ ಕೂತು, ಮಾಸ್ತರರ ನೆರಳು ಬಾಗಿಲಲ್ಲಿ ಬಿದ್ದದ್ದೇ ತಡ, ಸುರು ಮಾಡಿದಳು.

“ಯಪ್ಪಾ ಮಾಸ್ತರ! ನನ್ನ ಗಂಡ ಪಕ್ಕೀರಪ್ಪ ದೇಶಾಂತರ ಹೋಗ್ಯಾನ್ರಿ! ಸೊಲ್ಲಾಪುರದ ಗಿರಣ್ಯಾಗ ಅದಾನಂತ. ಮೂರು ವರ್ಷಾತು, ಒಂದು ಕಾಗದ ಇಲ್ಲ, ಒಂದು ಪತ್ರ ಇಲ್ಲ...”

“ಹಾಕ್ಷೀ!” ಎಂದಿತು ನೆಲ.

ಹಗೇವಿನೊಳಗೆ ಜೋಳದ ಮೇಲೆ ಹೊಟ್ಟು ಹರವಿ ಮುಚ್ಚಲೆಂದು ಇಳಿದ ಪಕ್ಕೀರಪ್ಪನ ಮೂಗಿಗೆ ಧೂಳು ಏರಿತ್ತು. ಇಣುಕಲು ಬಿಟ್ಟ ಸಂದಿಯನ್ನು ಹುಲಗಮ್ಮ ಸೆರಗಿನಿಂದ ಮುಚ್ಚಿದಳು.

ಮಾಸ್ತರರು ನೆಲ ನೋಡಿದರು. “ಯಾರೋ ಸೀನಿಧಂಗ ಆತಲ್ಲವಾ?”

ಹುಲಗಮ್ಮ ಸಂದಿಯ ಮೇಲಿನ ಸೆರಗು ಒತ್ತಿ ಹಿಡಿದು, “ಅವನ ಸೀನಿದ್ದರಿ, ಸೊಲ್ಲಾಪುರದಾಗ. ನಾ ನೆನಿಸಿದಾಗೊಮ್ಮೆ ನನ್ನ ಕಿವ್ಯಾಗ ಹಿಂಗ ಕೇಳತೈತ್ರಿ” ಎಂದಳು.

“ನನಗೂ ಕೇಳಿಸ್ತಲ್ಲವಾ!”

“ನಿಮ್ಮ ಕರುಳು ದೊಡ್ಡದ್ರಿ ಮಾಸ್ತರ. ಅದಕ್ಕ ಕೇಳಿಸ್ತು.”

ಮಾಸ್ತರರು ಕಂಬಕ್ಕೆ ಆತುಕೊಂಡು ಅತ್ತೇಬಿಟ್ಟರು. ಸೊಲ್ಲಾಪುರದಲ್ಲಿ ಗಂಡ ಸೀನಿದರೆ ಕರಡಿಹಾಳದ ಹೆಂಡತಿಗೆ ಕೇಳುತ್ತದೆ! ಇದಕ್ಕಿಂತ ಪ್ರೇಮ ಯಾವ ಟಾಕಿಯಲ್ಲಿದೆ? ಬರೆಯುವಾಗ ಕಣ್ಣೀರು ಬಿದ್ದು ಮಸಿ ಹರಡಿತು. ನೆಲ ಇನ್ನೆರಡು ಸಲ ಸೀನಿತು. ಪ್ರತಿ ಸಲವೂ ಮಾಸ್ತರರು ಎದೆಯ ಮೇಲೆ ಕೈ ಇಟ್ಟುಕೊಂಡು, “ಆಹಾ, ಪಕ್ಕೀರಪ್ಪಾ!” ಎಂದರು.

ಅವರು ಮೂರನೆಯ ಮನೆ ಮುಗಿಸುವ ಹೊತ್ತಿಗೆ ಮನೆಮನೆಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಬೇವಿನ ಗಿಡದ ಕೆಳಗೆ ಊರೇ ಸಾಲುಗಟ್ಟಿ ನಿಂತಿತ್ತು. ದುಃಖಕ್ಕೆ ಸಂತೆಯ ಧಾರಣೆ ಬಂತು.

“ನನಗ ಎರಡು ಹೊತ್ತು ಉಪಾಸ ಬರೀರಿ.”

“ಆಕೀಗೆ ಎರಡು ಬರದ್ರ ನನಗ ಮೂರು ಬರೀರಿ! ಆಕಿಗಿಂತ ನನಗ ಎರಡು ಕೂಸು ಹೆಚ್ಚ ಅದಾವು!”

“ದಿವಸಕ್ಕ ಇರೋದ ಎರಡ ಹೊತ್ತು ಖಾಜಾಬೀ, ಮೂರನೇದು ಎಲ್ಲಿಂದ ತರ್ಲಿ?”

“ನಡುರಾತ್ರಿ ಎಚ್ಚರಾಗತೈತಲ್ರಿ, ಅವಾಗ!”

ಗಂಡಸರು ಗಡ್ಡ ಕೆದರಿಕೊಂಡು ಬಂದಿದ್ದರು, ಹೆಂಗಸರು ಬೆಂಡೋಲೆ ಬಿಚ್ಚಿಟ್ಟು ಬಂದಿದ್ದರು. ಮಾಸ್ತರರು ಯಾರ ಮಾತನ್ನೂ, ಯಾರ ಹೆಬ್ಬೆಟ್ಟನ್ನೂ ನಿರಾಕರಿಸಲಿಲ್ಲ. ಒಬ್ಬ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು, “ರೊಟ್ಟಿ ಇಲ್ಲದ್ದಕ್ಕ ಹಲ್ಲು ಸಿಟ್ಟಾಗಿ ಬಿಟ್ಟು ಹೋದವ್ರಿ” ಎಂದದ್ದನ್ನು ಅಡಿಗೆರೆ ಎಳೆದು ಬರೆದುಕೊಂಡರು. ಇಂಥ ಊರಿಗೆ ತನ್ನನ್ನು ವರ್ಗ ಮಾಡಿದ ಇಲಾಖೆಯ ದೂರದೃಷ್ಟಿಗೆ ಮನಸ್ಸಿನಲ್ಲೇ ಕೈಮುಗಿದರು. ತಾನು ಹುಟ್ಟಿದ್ದು ಮಗ್ಗಿ ಹೇಳಲಿಕ್ಕಲ್ಲ, ಈ ಮೂಕ ಜನರ ಬಾಯಿ ಆಗಲಿಕ್ಕೆ! ಮೂಕ ಜನರು ಎಷ್ಟು ಗದ್ದಲ ಮಾಡುತ್ತಿದ್ದರೆಂದರೆ ಈ ವಿಚಾರ ಅವರಿಗೆ ಅವರದೇ ಕಿವಿಯಲ್ಲಿ ಕೇಳಿಸಲಿಲ್ಲ.

ಮೂರು ಗಂಟೆಗೆ ನಲವತ್ತೊಂದು ಮನೆ ಮುಗಿದವು. ಮಾಸ್ತರರು ಓಬಳೆಪ್ಪನ ಅಂಗಡಿಯಲ್ಲಿ ಕೂತು ಮೊದಲ ಹಾಳೆಯ ನೆತ್ತಿಗೆ ‘ಖರೇ ಸಂಗತಿ. ಈಶಪ್ಪ ಮಾಸ್ತರ, ಕರಡಿಹಾಳ’ ಎಂದು ಬರೆಯುತ್ತಿದ್ದರು. ಬೆಳಿಗ್ಗೆ ನಗೆ ಹೊತ್ತು ತಿರುಗಿದ್ದ ಓಬಳೆಪ್ಪನ ಮೋರೆಯಲ್ಲಿ ಈಗ ನಗೆ ಇರಲಿಲ್ಲ. ಊರ ಮಂದಿ ಬೆವರು ಸುರಿಸಿ ಚೀಲ ಹೊರುವುದನ್ನು ನೋಡಿ ನೋಡಿ ಅವನಿಗೇ ಸಂಶಯ ಹುಟ್ಟಿತ್ತು.

“ಮಾಸ್ತರ, ಇದು ಖರೇನ ಟಾಕಿ ಕತಿ ಹೌದಲ್ರಿ?”

“ಅಕ್ಷರ ಅಕ್ಷರ ಖರೇ ಐತಿ ಓಬಳೆಪ್ಪ. ಒಬ್ಬರ ಮನಿನೂ ಬಿಟ್ಟಿಲ್ಲ. ಐದಕ್ಕ ಮ್ಯಾಲಿನವರ ಕೈಗೆ ಮುಟ್ಟತೈತಿ.”

ಓಬಳೆಪ್ಪನ ಕೈಯಲ್ಲಿದ್ದ ಚಹಾದ ಬಸಿ ಬಿತ್ತು. ಕಾಳಸಂತೆಯಲ್ಲಿ ತಂದು ಬಚ್ಚಿಟ್ಟ ಒಂದು ಚೀಲ ಸಕ್ಕರೆ ನೆನಪಾಗಿ, ಹೆಗಲಿಗೇರಿಸಿಕೊಂಡು ಹಿತ್ತಲ ಬಾಗಿಲಿನಿಂದ ಅವನೂ ಓಡಿದ.

ಅವನು ಏದುಸಿರು ಬಿಡುತ್ತ ತಿರುಗಿ ಬಂದಾಗ ಅಂಗಡಿಯ ಮುಂದೆ ಮೂರು ಖಾಲಿ ಬಂಡಿ, ಇಬ್ಬರು ಜವಾನರು, ಒಂದು ಬಡಕಲು ಕುದುರೆ. ಕುದುರೆಯ ಮೇಲೆ ತಾಲೂಕಿನ ಕಂದಾಯ ನೋಡುವ ಗಿರ್ದಾವರ ಸಾಹೇಬರು. ಲೆವಿ ಖರೇನೇ ಬಂದಿತ್ತು.

ಗಿರ್ದಾವರರಿಗೆ ಹೊಟ್ಟೆಶೂಲೆ. ಬಿಸಿಲೆಂದರೆ ಆಗದು, ನಡೆಯುವುದೆಂದರೆ ಅದಕ್ಕಿಂತ ಆಗದು. ನಲವತ್ತೊಂದು ಮನೆ ಹತ್ತಿ ಇಳಿಯಬೇಕಲ್ಲ ಎಂದು ನರಳುತ್ತ ಇಳಿದವರ ಕಣ್ಣಿಗೆ ಮಾಸ್ತರರ ಕೈಯ ಕೆಂಪು ರಜಿಸ್ಟರು ಬಿತ್ತು. ಕಸಿದುಕೊಂಡು ತೆರೆದರು. ಮನೆ, ಯಜಮಾನ, ಬಾಯಿ, ಹೆಬ್ಬೆಟ್ಟು; ಎಲ್ಲ ಭರ್ತಿ!

“ಶಾಬಾಸ್ ಮಾಸ್ತರ! ಇಪ್ಪತ್ತು ವರ್ಷದ ನೌಕರಿಯಾಗ ಇಂಥಾ ಕೆಲಸ ನೋಡಿಲ್ಲ. ಯಾರ ಹುಕುಂ ಆಗಿತ್ತು ನಿಮಗ?”

“ಹುಕುಂ ಅಲ್ರಿ ಸಾಹೇಬ... ಇದು ಕತಿ...”

“ಏನಂದಿ? ಸರಕಾರದ ಮೊಹರು ಇದ್ದ ರಜಿಸ್ಟರದಾಗ ಕತಿ ಬರದೀಯೇನು? ನೌಕರಿ ಬ್ಯಾಡಾಗೈತೇನು?”

ಮಾಸ್ತರರು ಕೈಮುಗಿದರು. “ಅಲ್ರಿ... ಖರೇ ಕತಿ, ಸಾಹೇಬ. ಪೂರಾ ಖರೇ.”

“ಹಾಂ, ಹಂಗನ್ನು” ಎಂದು ಸಾಹೇಬರು ಓದತೊಡಗಿದರು. ವಿರೂಪಾಕ್ಷಪ್ಪನ ಹೊಟ್ಟೆಯ ಹತ್ತಿರ ಬಂದಾಗ ತಮ್ಮ ಹೊಟ್ಟೆ ಮುಟ್ಟಿಕೊಂಡರು. ಸೊಲ್ಲಾಪುರದ ಸೀನಿನ ಹತ್ತಿರ ಬಂದಾಗ ಮೂಗು ಒರೆಸಿಕೊಂಡರು. “ಭಾಳ ಬಡ ಊರು. ಇಲ್ಲಿ ಏನೂ ಸಿಗೂದಿಲ್ಲ. ಇದನ್ನ ಹಂಗ ಕಚೇರಿಗೆ ಕೊಡತೀನಿ” ಎಂದು ಪುಸ್ತಕವನ್ನು ಜವಾನನ ಚೀಲದಲ್ಲಿ ಹಾಕಿಸಿದರು.

ಊರಿಗೆ ಊರೇ ಉಸಿರು ಬಿಟ್ಟಿತು. ಮಾಸ್ತರರ ಉಸಿರು ಮಾತ್ರ ಒಳಗೇ ನಿಂತಿತು. ನಾಲ್ಕು ಗಂಟೆ. ಐದಕ್ಕೆ ಮೋಟಾರು. ಪರದೆಯ ಮೇಲೆ ಬರಬೇಕಾದ ಹೆಸರು ಜವಾನನ ಚೀಲದಲ್ಲಿ ಮಡಚಿಕೊಂಡು ಕೂತಿದೆ! ಹೇಗಾದರೂ ಅರ್ಧ ಗಂಟೆ ಪುಸ್ತಕ ಕೈಗೆ ಸಿಕ್ಕರೆ ಬಾಯಿಪಾಠ ಮಾಡಿಯಾದರೂ ಅಂದಪ್ಪನಿಗೆ ಒಪ್ಪಿಸಬಹುದು.

“ಸಾಹೇಬ, ಬಡವನ ಮನಿಯಾಗ ಒಂದು ಕಪ್ಪು ಚಹಾ ಕುಡದ ಹೋಗಬೇಕು. ಅಲ್ಲಿತನಕಾ ಪುಸ್ತಕದಾಗ ಅಕ್ಷರದ ಕಾನಾ, ದೀರ್ಘ ಒಂದೀಟು ತಿದ್ದತೀನಿ.”

ಸುತ್ತ ನಿಂತಿದ್ದ ನಲವತ್ತೊಂದು ಮನೆಯ ಮೋರೆಗಳು ಒಟ್ಟಿಗೆ ಸುಣ್ಣದ ಹಾಗೆ ಬೆಳ್ಳಗಾದವು. “ಬ್ಯಾಡ್ರಿ ಸಾಹೇಬ, ಮಾಸ್ತರ ಮನಿ ಭಾಳ ಸಣ್ಣದು!” ಎಂದ ವಿರೂಪಾಕ್ಷಪ್ಪ. “ಅಕ್ಕಾರಿಗೆ ಚಹಾ ಮಾಡಾಕ ಬರೂದಿಲ್ರಿ, ಕಾಡಿಗಿ ಆಗತೈತಿ!” ಎಂದ ಓಬಳೆಪ್ಪ. ಕಚೇರಿ ಚಹಾ ಕುಡಿದು ಹೊಟ್ಟೆಶೂಲೆ ತಂದುಕೊಂಡ ಸಾಹೇಬರು ಕಾಡಿಗೆಗೆಲ್ಲ ಹೆದರುವವರಲ್ಲ. ಹೊರಟೇಬಿಟ್ಟರು.

ಮನೆಯೊಳಗೆ ಕಾಲಿಟ್ಟ ಮಾಸ್ತರರಿಗೆ ಗುರುತು ಹತ್ತಲಿಲ್ಲ. ಬೆಳಿಗ್ಗೆ ಬರಿ ನೆಲವಿದ್ದಲ್ಲಿ ಈಗ ಗೋಡೆಯುದ್ದಕ್ಕೂ ಎತ್ತರದ ಆಸನ. ಮೇಲೆ ಜಮಖಾನ, ದುಪ್ಪಟಿ, ಶೇಖರಮ್ಮನ ಎರಡು ಸೀರೆ. ಹೆಂಡತಿಗೆ ಕೊನೆಗೂ ಕಲಾವಿದನ ಮನೆ ಹೇಗಿರಬೇಕೆಂದು ಹೊಳೆಯಿತಲ್ಲ ಎಂದು ಹಿಗ್ಗಿ, “ಕುಂದರ್ರಿ ಸಾಹೇಬ” ಎಂದರು.

ಸಾಹೇಬರು ಕೂತರು. ಅಡಿಯಲ್ಲಿ ಏನೋ ‘ಚರ್ರ್’ ಎಂದಿತು. ಜಮಖಾನದ ಸಂದಿಯಿಂದ ಬಿಳಿಜೋಳ ಸಣ್ಣ ಝರಿಯಂತೆ ಹರಿದು, ಸಾಹೇಬರ ಬೂಟಿನೊಳಗೆ ತುಂಬಿ, ಹೊಸ್ತಿಲ ಕಡೆಗೆ ಹೊರಟಿತು.

ಜವಾನರು ಹೊದಿಕೆ ಎಳೆದರು. ಚೀಲ, ಚೀಲ, ಚೀಲ! ಅಡಿಗೆಮನೆಯಲ್ಲಿ ಚೀಲ, ಮಾಡದ ಕೆಳಗೆ ಚೀಲ. ಇಪ್ಪತ್ತಾರು ಜೋಳದವು, ಒಂದು ಸಕ್ಕರೆಯದು.

“ಇವೆಲ್ಲಾ ಎಲ್ಲಿಂದ ಬಂದ್ವು?” ಸಾಹೇಬರ ಧ್ವನಿಗೆ ಹೊಟ್ಟೆಶೂಲೆ ಹೆದರಿ ವಾಸಿಯಾಯಿತು.

ಶೇಖರಮ್ಮ ಚಹಾದ ಬಟ್ಟಲು ಹಿಡಿದು ಬಂದಳು. “ಇವರು ಹೊರಗ ಹೋದ ಕೂಡ್ಲೇ ಒಬ್ಬೊಬ್ಬರ ತಂದು ಇಟ್ಟು ಹೋದ್ರರಿ. ‘ಅಕ್ಕಾರ, ಬರಿಯಾವರ ಮನಿಯಾಗ ಯಾರೂ ಹುಡುಕೂದಿಲ್ಲ. ಯಾರಿಗೂ ಹೇಳಬ್ಯಾಡ್ರಿ, ಮಾಸ್ತರಿಗೂ ಹೇಳಬ್ಯಾಡ್ರಿ’ ಅಂದ್ರು. ನಮ್ಮವು ಎರಡ ಚೀಲರೀ, ತವರಮನಿಯಿಂದ ಬಂದಿದ್ದು. ಉಳಿದದ್ದು ವಿರೂಪಾಕ್ಷಪ್ಪನೋರದು, ಹುಲಗಮ್ಮಂದು, ಖಾಜಾಬೀದು...”

ಸಾಹೇಬರು ರಜಿಸ್ಟರು ತರಿಸಿದರು. ಬಾಗಿಲಲ್ಲಿ ನಿಂತ ವಿರೂಪಾಕ್ಷಪ್ಪನನ್ನು ಕರೆದು ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟರು. “ಇದು ನಿಂದ ಹೌದಲ್ಲೋ? ಸರಕಾರದ ಪುಸ್ತಕದಾಗ ಸುಳ್ಳು ಬರಸಿದ್ರ ಎಷ್ಟು ತಿಂಗಳು ಜೇಲು ಗೊತ್ತೈತೇನು? ಹೇಳು, ಈ ಚೀಲ ನಿನ್ನವೇನು?”

ವಿರೂಪಾಕ್ಷಪ್ಪ ತನ್ನ ಹನ್ನೆರಡು ಚೀಲಗಳ ಕಡೆ ನೋಡಿದ. ಬಾಣಂತಿ ಕೂಸನ್ನು ಬಿಟ್ಟು ಹೊರಡುವಾಗ ನೋಡುವ ಹಾಗೆ. “ಅಲ್ರಿ ಸಾಹೇಬ. ನನಗ ಜೋಳದ ಗುರ್ತ ಸೈತ ಇಲ್ಲ.”

“ನಿನ್ನವೇನವಾ?”

“ಗಂಡನ ಇಲ್ಲದಾಕಿಗೆ ಜೋಳ ಎಲ್ಲೀದ್ರಿ?” ಎಂದಳು ಹುಲಗಮ್ಮ. ಹಗೇವಿನಿಂದ ಎದ್ದು ಬಂದು ಹಿಂದೆ ನಿಂತಿದ್ದ ಪಕ್ಕೀರಪ್ಪ, “ಹೌದ್ರಿ, ಪಾಪ, ಈಕಿಗೆ ಗಂಡ ಇಲ್ಲ” ಎಂದು ಸಾಕ್ಷಿ ನುಡಿದ.

ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಒಲ್ಲೆವೆಂದರು. ಸಕ್ಕರೆಯ ಚೀಲದ ಸರದಿ ಬಂದಾಗ ಓಬಳೆಪ್ಪ, “ನಾ ಬೆಲ್ಲದ ಚಹಾ ಮಾಡಾವ್ರಿ” ಎಂದು ಮೋರೆ ತಿರುಗಿಸಿದ. ಅದನ್ನು ಹೇಳಲಿಕ್ಕೆ ಅವನಿಗೆ ಯಾರ ಗಂಟಲೂ ಬಾಡಿಗೆಗೆ ಸಿಗಲಿಲ್ಲ. ತನ್ನದೇ ಗಂಟಲು, ಅದೂ ಒಡೆದದ್ದು.

“ಅಂದ್ರ ಎಲ್ಲಾ ಮಾಸ್ತರಂದ!” ಎಂದರು ಸಾಹೇಬರು. “ಊರು ಉಪಾಸ, ಮಾಸ್ತರನ ಮನಿಯಾಗ ಕಣಜ! ಅದಕ್ಕ ಊರೆಲ್ಲಾ ಬರದು ತನ್ನ ಮನಿ ಒಂದ ಬಿಟ್ಟಾನ. ಏರಿಸ್ರಿ ಬಂಡಿಗೆ. ನೌಕರಿ ಮಾತು ಕಚೇರಿಯಾಗ ಆಡೋಣು.”

ಮಾಸ್ತರರು ಬಾಯಿ ತೆರೆದರು. ಬರೆದದ್ದು ಸುಳ್ಳೆಂದರೆ ಇವತ್ತೇ ನೌಕರಿ ಹೋಗುತ್ತದೆ. ಖರೆಯೆಂದರೆ ಇಪ್ಪತ್ತಾರು ಚೀಲವೂ ತನ್ನವು. ತೆರೆದ ಬಾಯಿ ಮುಚ್ಚಿಕೊಂಡು, ಬಂಡಿಗೆ ಏರುವ ಚೀಲಗಳನ್ನು ಎಣಿಸತೊಡಗಿದರು.

ಮೂರು ಬಂಡಿ ತುಂಬಿ ಹೊರಟವು. ಬಂಡಿಗಳ ಹಿಂದೆ ಕುದುರೆ, ಕುದುರೆಯ ಹಿಂದೆ ಜವಾನ, ಜವಾನನ ಚೀಲದಲ್ಲಿ ಕತೆ. ಊರ ಹೆಬ್ಬಾಗಿಲಾದ ಅಗಸಿಯವರೆಗೆ ನಲವತ್ತೊಂದು ಮನೆಯವರು ಬಂಡಿಯ ಹಿಂದೆ ನಡೆದರು. ಬಂಡಿ ತಿರುವಿನಲ್ಲಿ ಮರೆಯಾಯಿತು. ಆಗ ವಿರೂಪಾಕ್ಷಪ್ಪ ದಾರಿಯಲ್ಲೇ ಕೂತು ಭೋರೆಂದು ಅತ್ತ. ಬೆಳಿಗ್ಗೆ ಒರೆಸಿಕೊಂಡ ಕಣ್ಣಲ್ಲ ಅದು. ಮೂಗು, ಮೀಸೆ, ಹೊಟ್ಟೆ ಎಲ್ಲ ಸೇರಿ ಅಳುವ ಅಳು. ಹುಲಗಮ್ಮ ಗಂಡನ ಹೆಗಲ ಮೇಲೆ ಬಿದ್ದು ಅತ್ತಳು. ಖಾಜಾಬೀ ಮೂರು ಹೊತ್ತಿನದನ್ನೂ ಒಂದೇ ಹೊತ್ತಿಗೆ ಅತ್ತಳು. ಓಬಳೆಪ್ಪ ಟವೆಲು ಬಾಯಿಗೆ ತುರುಕಿಕೊಂಡು ಅತ್ತ. ಬೆಳಿಗ್ಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಸಂಜೆಗೆ ಖರೆಯಾಗಿತ್ತು.

ಅಷ್ಟರಲ್ಲಿ ಹಾರ್ನು ಕೇಳಿತು. ಈ ಸಲ ಓಬಳೆಪ್ಪನ ಬಾಯಿಯದಲ್ಲ. ಮೋಟಾರು ಬಂದು ನಿಂತು, ಅಂದಪ್ಪ ಇಳಿದ. ಕೋಟು, ಕಪ್ಪು ಕನ್ನಡಕ. ಊರಿಗೆ ಊರೇ ಬೀದಿಯಲ್ಲಿ ಅಳುವುದನ್ನು ಕಂಡು ಕನ್ನಡಕ ತೆಗೆದ. ವಿರೂಪಾಕ್ಷಪ್ಪನ ರುಮಾಲಿನಿಂದ ಹನಿ ತೊಟ್ಟಿಕ್ಕುವುದನ್ನು ನೋಡಿ ಅವನ ಕಣ್ಣು ಅರಳಿದವು.

“ಈಶಾ! ಓದಿ ತೋರಿಸಿದೇನೋ ಇವರಿಗೆ? ಏನು ಬರದೀಯೋ ಮಾರಾಯಾ! ಊರ ಊರ ಅಳಾಕತ್ತೈತಿ! ನಮ್ಮ ಮಾಲಕರು ಇಂಥಾದ್ದ ಹುಡುಕಾಕತ್ತಾರ. ಆ ವಕೀಲಂದು ಒಲೀಗೆ ಹಾಕತೀನಿ. ಕೊಡು, ಕೊಡು ಕತಿ!”

ಮಾಸ್ತರರು ತಿರುವಿನ ಕಡೆ ಕೈ ತೋರಿಸಿದರು. ಅಲ್ಲಿ ಬಂಡಿಗಳ ಧೂಳು ಇನ್ನೂ ಇಳಿದಿರಲಿಲ್ಲ. “ಸರಕಾರ ತಗೊಂಡು ಹೋತು.”

“ಸರಕಾರಕ್ಕ ಕತಿ ಯಾಕೋ?”

“ಜೋಳದ ಜೋಡಿ ಒಯ್ದ್ರು.”

ಇಷ್ಟು ಹೇಳುವಷ್ಟರಲ್ಲಿ ಮಾಸ್ತರರಿಗೆ ನಗೆ ಒತ್ತಿ ಬಂತು. ತಡೆದರು. ತುಟಿ ಕಚ್ಚಿದರು. ಆದರೆ ಎದುರಿಗೆ ಹುಲಗಮ್ಮ, ಸೊಲ್ಲಾಪುರಕ್ಕೆ ಹೋದ ಗಂಡನ ಕುತ್ತಿಗೆ ಹಿಡಿದು ಅಳುತ್ತಿದ್ದಳು. ಅದನ್ನು ನೋಡಿದ್ದೇ ಕಟ್ಟೆ ಒಡೆಯಿತು. ಮಾಸ್ತರರು ನಕ್ಕರು. ಮೊದಲು ‘ಖಿಕ್’, ಆಮೇಲೆ ‘ಖೊಖ್’, ಆಮೇಲೆ ಮೋಟಾರಿನ ಇಂಜಿನು ಮುಳುಗಿಹೋಗುವಂತೆ.

ಅಂದಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅಳುವ ಮಂದಿಯನ್ನು ನೋಡಿದ; ಅವರ ನಡುವೆ ಹೊಟ್ಟೆ ಹಿಡಿದುಕೊಂಡು ನಗುವವನನ್ನು ನೋಡಿದ. ಮೋರೆ ಗಂಟಿಕ್ಕಿತು.

“ಛೀ! ಇಷ್ಟು ಮಂದಿ ಅಳುವಾಗ ನಗತೀಯೇನೋ? ನಿನ್ನ ಎದಿಯಾಗ ಕರುಳ ಇಲ್ಲ. ಇಂಥಾವ ಬಡವರ ದುಃಖ ಏನು ಬರದಾನು!” ಎಂದವನೇ ಮೋಟಾರು ಹತ್ತಿದ. “ನಡೀರಿ ಡ್ರೈವರ. ವಕೀಲಂದ ಇರ್ಲಿ.”

ಮೋಟಾರು ಹೋಯಿತು. ಅದರ ಜೊತೆ ಪರದೆಯೂ ಹೋಯಿತು. ಪರದೆಯ ಜೊತೆ ಹೆಸರೂ ಹೋಯಿತು. ಮಾಸ್ತರರ ನಗೆ ಮಾತ್ರ ಹೋಗಲಿಲ್ಲ. ಅಳುತ್ತಿದ್ದವರು ಒಬ್ಬೊಬ್ಬರೇ ತಲೆ ಎತ್ತಿ ನೋಡಿದರು. ಮೊದಲು ಸಿಟ್ಟಾದರು. ಆಮೇಲೆ ಪಕ್ಕೀರಪ್ಪನ ಮೀಸೆ ಅಲುಗಿತು, ಖಾಜಾಬೀ ಸೆರಗು ಬಾಯಿಗೆ ಒತ್ತಿಕೊಂಡಳು, ಓಬಳೆಪ್ಪ ಒದ್ದೆ ಟವೆಲಿನೊಳಗಿಂದ ಒಮ್ಮೆ ಕಿಸಕ್ಕೆಂದ. ವಿರೂಪಾಕ್ಷಪ್ಪನ ಹರಕು ಅಂಗಿಯೊಳಗೆ ಉಪವಾಸದ ಬಾವು ಕುಣಿಯತೊಡಗಿತು.

ಶೇಖರಮ್ಮ ಬರಿಗೈಯಲ್ಲಿ ಓಡೋಡಿ ಬಂದಳು. “ಏನ್ರಿ, ನಮ್ಮ ಎರಡು ಚೀಲನೂ ಒಯ್ದ್ರು. ಡಬ್ಬಿ ಬಡದ್ರ ಒಂದು ಹಿಡಿ ಹಿಟ್ಟಿಲ್ಲ. ಸಂಜಿ ರೊಟ್ಟಿಗೆ ಏನ ಮಾಡ್ಲಿ? ಯಾರ ಮನಿಗರ ಹೋಗಿ ಒಂದು ಸೇರು ಕಡಾ ತರ್ರಿ.”

ಮಾಸ್ತರರು ನಗುತ್ತಲೇ ನಲವತ್ತೊಂದು ಮನೆಗಳ ಕಡೆ ತಿರುಗಿ ಕೈ ಒಡ್ಡಿದರು. ಹಗೇವುಗಳಲ್ಲಿ ಇನ್ನೂ ಯಾರ್‍ಯಾರಿಗೆ ಎಷ್ಟು ಉಳಿದಿತ್ತೆಂಬುದು ಅವರವರಿಗೇ ಗೊತ್ತು. ವಿರೂಪಾಕ್ಷಪ್ಪ ಮುಂದೆ ಬಂದು ಕೈ ಮುಗಿದ.

“ಕೊಡಬೇಕಂತ ಮನಸ್ಸೇನೋ ಐತ್ರಿ ಮಾಸ್ತರ. ಆದ್ರ ಸರಕಾರದ ಪುಸ್ತಕದಾಗ ನಾವೆಲ್ಲಾ ಉಪಾಸ ಅದೀವಲ್ಲರಿ. ನೀವ ಬರದೀರಿ. ಕೊಟ್ರ, ನಾಳೆ ನಿಮ್ಮ ಮಾತು ಸುಳ್ಳಾಗತೈತಿ.”

ಆಗ ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಖಾಲಿ ಕೈಯನ್ನು ಹಾಗೇ ಒಡ್ಡಿಕೊಂಡು ನಿಂತು, ಈಶಪ್ಪ ಮಾಸ್ತರರು ನಕ್ಕರು.